ಬೈನಾದ ಮನೆಗಳಲ್ಲಿ ಓದಿನ ಸಾಲ

ಶಿಕ್ಷಣ ಸಾಲವು ವಿದ್ಯಾರ್ಥಿಯೊಬ್ಬ ಮುಂದೆ ಗಳಿಸಲಿರುವ ಆದಾಯವನ್ನು ನೆಚ್ಚಿ ಬ್ಯಾಂಕು ಆತನ ಹೆಸರಿಗೆ ಕೊಡುವ ಸಾಲವಾಗಿದ್ದು, ಅದನ್ನು ತೀರಿಸುವ ಹೊಣೆಯೂ ಮುಖ್ಯವಾಗಿ ಆತನದೇ ಎಂದು ಭಾವಿಸಲಾಗುತ್ತದೆ. ಆದರೆ ಗೋವಾದ ವಾಸ್ಕೋ ಪಟ್ಟಣದ ಬೈನಾ, ಮಂಗೋರ್ ಗುಡ್ಡ ಮತ್ತು ಪಟ್ಟಣದ ಹೊರಗಿನ ಝುವಾರಿನಗರಗಳಲ್ಲಿ ನೆಲೆಸಿರುವ ಉತ್ತರ ಕರ್ನಾಟಕದ ದುಡಿಯುವ ಕುಟುಂಬಗಳಲ್ಲಿ ಅದು ಎಂದೂ ಒಬ್ಬರ ಸಾಲವಾಗಿ ಉಳಿದದ್ದಿಲ್ಲ. ಓದಿದವರು ಒಬ್ಬರಾದರೆ, ಅವರಿಗಾಗಿ ಬಂಗಾರ ಒತ್ತೆಯಿಟ್ಟವರು, ಎರಡನೆಯ ಪಾಳಿಗೂ ನಿಂತು ದುಡಿದವರು, ಮದುವೆ ಮುಂದೂಡಿಸಿಕೊಂಡವರು, ತಮ್ಮ ಓದನ್ನೇ ನಿಲ್ಲಿಸಿದವರು ಬೇರೆಯೇ ಇದ್ದಾರೆ, ಮತ್ತು ಅವರ ಹೆಸರು ಯಾವ ಖಾತೆಯಲ್ಲಿಯೂ ಕಾಣಸಿಗುವುದಿಲ್ಲ. ಈ ಬರಹವು ಬೈನಾದ ಅಂಥ ಒಂದು ಮನೆಯ ಹಿರಿಯ ಮಗಳಾಗಿ ಬೆಳೆದು, ಮುಂದೆ ನೆರೆಹೊರೆಯ ಹಲವು ಮನೆಗಳ ಸಾಲದ ಅರ್ಜಿಗಳನ್ನು ತುಂಬಿಕೊಟ್ಟ ಲೇಖಕಿಯೊಬ್ಬರ ನೆನಪುಗಳನ್ನೂ, ಆ ನೆನಪುಗಳಿಗೆ ಕಾರಣವಾದ ಕಾನೂನು ಮತ್ತು ಹಣಕಾಸಿನ ಬದಲಾವಣೆಗಳನ್ನೂ ಜೊತೆಗಿಟ್ಟು ನೋಡುತ್ತದೆ.

1961ರ ಡಿಸೆಂಬರ್‌ನಲ್ಲಿ ಪೋರ್ತುಗೀಸರ ಆಳ್ವಿಕೆ ಕೊನೆಗೊಂಡ ಮೇಲೆ ಮುರ್ಗಾಂವ್ ಬಂದರು ಬೆಳೆಯಿತು, ಕಬ್ಬಿಣದ ಅದಿರಿನ ರಫ್ತು ಹೆಚ್ಚಿತು, 1970ರ ದಶಕದಲ್ಲಿ ಝುವಾರಿ ರಸಗೊಬ್ಬರ ಕಾರ್ಖಾನೆ ಬಂತು, ಬಳಿಕ ಕಡಲತೀರದ ಹೋಟೆಲುಗಳು ಎದ್ದವು. ಈ ಎಲ್ಲ ಕೆಲಸಗಳಿಗೆ ಬೇಕಾದ ಆಳುಗಳು ಹುಬ್ಬಳ್ಳಿ–ಲೋಂಡಾ–ವಾಸ್ಕೋ ರೈಲು ಹಿಡಿದು ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಹಾವೇರಿಗಳ ಮಳೆಯಾಶ್ರಿತ ಹಳ್ಳಿಗಳಿಂದ ಬಂದರು. 2011ರ ಜನಗಣತಿಯ ಪ್ರಕಾರ ಗೋವಾದ ಸುಮಾರು 14.6 ಲಕ್ಷ ಜನರಲ್ಲಿ ಶೇ. 4.6ರಷ್ಟು ಮಂದಿಯ ತಾಯ್ನುಡಿ ಕನ್ನಡ. ಇವರಲ್ಲಿ ಬ್ಯಾಂಕು, ರೈಲ್ವೆ, ನೌಕಾಪಡೆಯ ನೌಕರಿಗೆ ಬಂದವರೂ ಇದ್ದಾರೆ. ಆದರೆ ಬೈನಾದ ಕನ್ನಡ ಎಂದರೆ ಮುಖ್ಯವಾಗಿ ಹಮಾಲರ, ಗಾರೆ ಕೆಲಸದವರ, ಬಾರ್ಜುಗಳ ಖಲಾಸಿಗಳ, ಮನೆಗೆಲಸದ ಹೆಣ್ಣುಮಕ್ಕಳ ಕನ್ನಡ. ಬಾರ್ಜು ಎಂಬುದು ಗಣಿಯ ಬಳಿಯ ನದಿದಂಡೆಯಿಂದ ಮಾಂಡೋವಿ, ಝುವಾರಿ ನದಿಗಳಲ್ಲಿ ಅದಿರನ್ನು ಬಂದರಿಗೆ ಸಾಗಿಸುವ ಚಪ್ಪಟೆ ತಳದ ದೊಡ್ಡ ದೋಣಿಯಾಗಿದ್ದು, ಲೇಖಕಿಯ ತಂದೆ ಅಂಥ ಬಾರ್ಜಿನಲ್ಲಿ ದುಡಿದವರು. ಅವರಿಗೆ ಸಹಿ ಹಾಕಲು ಬರುತ್ತಿತ್ತು, ತಾಯಿಗೆ ಅದೂ ಬರುತ್ತಿರಲಿಲ್ಲ.

ಗೋವಾದಲ್ಲಿ ಕಾಲೇಜು ಎಂಬುದೇ ಆಗ ಹೊಸದಾಗಿತ್ತು. 1842ರಲ್ಲಿ ಆರಂಭವಾದ ವೈದ್ಯಕೀಯ ಶಾಲೆಯೊಂದು ಪಣಜಿಯಲ್ಲಿದ್ದರೂ, ವಿಮೋಚನೆಗೆ ಮೊದಲು ಪದವಿ ಓದಬಯಸಿದ ಗೋವಾದ ಮಕ್ಕಳು ಬೆಳಗಾವಿ, ಧಾರವಾಡ, ಪುಣೆ, ಮುಂಬಯಿಗಳಿಗೆ ಹೋಗಬೇಕಿತ್ತು. ಅಂದರೆ ಓದಿನ ಖರ್ಚು ಎಂದರೆ ಫೀಜಿಗಿಂತ ಹೆಚ್ಚಾಗಿ ಪರಊರಿನ ಊಟ ಮತ್ತು ವಸತಿಯ ಖರ್ಚಾಗಿತ್ತು. 1962ರಲ್ಲಿ ಪಣಜಿಯಲ್ಲಿ ಧೆಂಪೆ ಕಾಲೇಜು, ಮಡಗಾಂವ್‌ನಲ್ಲಿ ಚೌಗುಲೆ ಕಾಲೇಜು ಆರಂಭವಾದವು, 1967ರಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂತು, ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಇವೆಲ್ಲ 1985ರಲ್ಲಿ ಸ್ಥಾಪನೆಯಾದ ಗೋವಾ ವಿಶ್ವವಿದ್ಯಾಲಯದ ಅಡಿಗೆ ಬಂದವು. ಲೇಖಕಿ ವಾಣಿಜ್ಯ ಪದವಿಗೆ ಸೇರಿದ್ದು ಇದಾದ ಕೆಲವೇ ವರ್ಷಗಳ ಬಳಿಕ, ಒಂದು ಅನುದಾನಿತ ಕಾಲೇಜಿಗೆ. ಆಡಳಿತ ಖಾಸಗಿಯವರದಾಗಿದ್ದರೂ ಅಧ್ಯಾಪಕರ ಸಂಬಳವನ್ನು ಸರ್ಕಾರ ಕೊಡುವ ಕಾಲೇಜಿಗೆ ಅನುದಾನಿತ ಎನ್ನುತ್ತಾರೆ. ಕಲಿಸುವ ಖರ್ಚಿನ ದೊಡ್ಡ ಪಾಲು ಹಾಗೆ ಸಾರ್ವಜನಿಕ ಬೊಕ್ಕಸದಿಂದ ಬರುತ್ತಿದ್ದುದರಿಂದ ವರ್ಷದ ಫೀಜು ತಂದೆಯ ಒಂದು ತಿಂಗಳ ಪಗಾರದೊಳಗೇ ಮುಗಿಯುತ್ತಿತ್ತು. ಆ ಮನೆಗೆ ಲೇಖಕಿಯ ಪದವಿಯಿಂದ ಒಂದು ಪೈಸೆಯ ಸಾಲವೂ ಉಳಿಯಲಿಲ್ಲ. ಅದನ್ನು ಅಂದು ಯಾರೂ ದೊಡ್ಡ ಸಂಗತಿಯೆಂದು ಎಣಿಸಿರಲಿಲ್ಲ. ಅದರ ಬೆಲೆ ತಿಳಿದದ್ದು ಅದೇ ಮನೆಯ ಕಿರಿಯ ಮಗನ ಸರದಿ ಬಂದಾಗ.

ಓದಿಗೆ ಸಾಲ ಕೊಡುವ ಪದ್ಧತಿ ಅಂದೂ ಇರಲಿಲ್ಲವೆಂದಲ್ಲ. ಭಾರತ ಸರ್ಕಾರ 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಎಂಬ ಯೋಜನೆಯನ್ನು ತಂದಿತ್ತು. ಅದರಲ್ಲಿ ಬಡ ಕುಟುಂಬದ ಪ್ರತಿಭಾವಂತರಿಗೆ ಬಡ್ಡಿಯಿಲ್ಲದೆ ಹಣ ಕೊಟ್ಟು ನೌಕರಿ ಸಿಕ್ಕ ಮೇಲೆ ಸಣ್ಣ ಕಂತುಗಳಲ್ಲಿ ವಾಪಸು ಪಡೆಯಲಾಗುತ್ತಿತ್ತು, ಮತ್ತು ಸಾಲ ಪಡೆದವರು ಶಿಕ್ಷಕರಾದರೆ ಅವರು ಕಲಿಸಿದ ಪ್ರತಿ ವರ್ಷಕ್ಕೆ ಸಾಲದ ಹತ್ತನೆಯ ಒಂದು ಪಾಲನ್ನು ಮನ್ನಾ ಮಾಡಲಾಗುತ್ತಿತ್ತು. ಯೋಜನೆ ಚಿಕ್ಕದು, ವಸೂಲಿಯೂ ಸರಿಯಾಗಿ ಆಗಲಿಲ್ಲ, ಕಾಲಕ್ರಮದಲ್ಲಿ ಅದನ್ನು ಕೈಬಿಡಲಾಯಿತು. ಆದರೂ ಅದರ ಹಿಂದಿದ್ದ ತಿಳುವಳಿಕೆ ಗಮನಿಸಬೇಕಾದದ್ದು: ಓದಿದವನಿಂದ ಸಮಾಜಕ್ಕೂ ಲಾಭವಿದೆ, ಆದ್ದರಿಂದ ಆತ ಹಣದಿಂದ ತೀರಿಸಲಾಗದ್ದನ್ನು ಕೆಲಸದಿಂದ ತೀರಿಸಬಹುದು ಎಂದು ಒಪ್ಪಿಕೊಂಡ ಸಾಲ ಅದು.

ಈ ತಿಳುವಳಿಕೆ ಬದಲಾದ ಬಗೆಯನ್ನು ಅರಿಯಲು ಗೋವಾದ ನೆರೆಯ ಕರ್ನಾಟಕವನ್ನೇ ನೋಡಬೇಕು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ತೆರೆದು ವಿದ್ಯಾರ್ಥಿಗಳ ಪೋಷಕರಿಂದಲೇ ಬಂಡವಾಳ ಸಂಗ್ರಹಿಸುವ ದಾರಿ ಹಾಕಿದರು. ಮುಂದಿನ ದಶಕಗಳಲ್ಲಿ ಆ ದಾರಿ ರಾಜ್ಯದ ಉದ್ದಗಲಕ್ಕೂ ಹಬ್ಬಿ, ಸೀಟಿಗಾಗಿ ನಿಗದಿತ ಫೀಜಿನ ಮೇಲೆ ಕೊಡುವ ದೊಡ್ಡ ಮೊತ್ತಕ್ಕೆ ಕ್ಯಾಪಿಟೇಷನ್ ಶುಲ್ಕ ಎಂಬ ಹೆಸರು ನಿಂತಿತು. 1984ರಲ್ಲಿ ಕರ್ನಾಟಕ ಅದನ್ನು ಕಾಯ್ದೆಯಿಂದ ನಿಷೇಧಿಸಿತಾದರೂ, ಬೇರೆ ಬೇರೆ ವಿದ್ಯಾರ್ಥಿಗಳಿಗೆ ಬೇರೆ ಬೇರೆ ಫೀಜು ಗೊತ್ತುಪಡಿಸುವ ಅಧಿಕಾರವನ್ನು ಉಳಿಸಿಕೊಂಡಿತು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ಎಂದಿದ್ದ ದರವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಶಿಕ್ಷಣವು ಪ್ರಜೆಯ ಹಕ್ಕು, ಕ್ಯಾಪಿಟೇಷನ್ ಶುಲ್ಕ ಆ ಹಕ್ಕಿನ ನಿರಾಕರಣೆ ಎಂದು ಹೇಳಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿ, ಉನ್ನತ ಶಿಕ್ಷಣವನ್ನು ರಾಜ್ಯದ ಆರ್ಥಿಕ ಶಕ್ತಿಗೆ ಬಿಟ್ಟು, ಖಾಸಗಿ ವೃತ್ತಿಪರ ಕಾಲೇಜುಗಳಲ್ಲಿ ಅರ್ಧ ಸೀಟುಗಳನ್ನು ಕಡಿಮೆ ಫೀಜಿಗೂ ಅರ್ಧವನ್ನು ಹೆಚ್ಚಿನ ಫೀಜಿಗೂ ಹಂಚಿತು. 1994ರಲ್ಲಿ ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ, ಜನ ಸಿಇಟಿ ಎಂದೇ ಕರೆಯುವ ಪರೀಕ್ಷೆ, ಆರಂಭವಾದದ್ದು ಈ ತೀರ್ಪಿನ ಬೆನ್ನಿಗೆ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಸೀಟು ಹಂಚಿಕೆಯ ಆ ಏರ್ಪಾಟನ್ನೂ ತೆಗೆದುಹಾಕಿ, ಲಾಭಕೋರತನವಿಲ್ಲದಿದ್ದರೆ ಫೀಜನ್ನು ಸಂಸ್ಥೆಯೇ ಗೊತ್ತುಪಡಿಸಬಹುದೆಂದಿತು. ಇದಕ್ಕೂ ಮೊದಲೇ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನೇಮಿಸಿದ್ದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿಯು ವಿಶ್ವವಿದ್ಯಾಲಯಗಳು ತಮ್ಮ ಖರ್ಚಿನ ಒಂದು ಪಾಲನ್ನು ವಿದ್ಯಾರ್ಥಿಗಳಿಂದ ಪಡೆಯಬೇಕೆಂದು ಸೂಚಿಸಿತ್ತು. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6ನ್ನು ಮೀಸಲಿಡಬೇಕೆಂದು 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗದ ಮಾತು ಇಂದಿಗೂ ಜಾರಿಗೆ ಬಂದಿಲ್ಲ.

ಬೊಕ್ಕಸ ಹಿಂದೆ ಸರಿದ ಜಾಗವನ್ನು ತುಂಬಲು ಬಂದದ್ದು ಬ್ಯಾಂಕು. ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್.ಜೆ. ಕಾಮತ್ ಅವರ ನೇತೃತ್ವದ ಅಧ್ಯಯನ ತಂಡದ ಶಿಫಾರಸನ್ನು ಆಧರಿಸಿ ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆ 2001ರಲ್ಲಿ ಜಾರಿಗೆ ಬಂತು. ಈ ಯೋಜನೆಗೂ ಗೋವಾಕ್ಕೂ ಒಂದು ದೂರದ ನಂಟಿದೆ: ಪೋರ್ತುಗೀಸರ ಕಾಲದಲ್ಲಿ ಗೋವಾ ಬಿಟ್ಟು ಕೆನರಾ ಕರಾವಳಿಗೆ ಇಳಿದ ಸಮುದಾಯದ ವಂಶಸ್ಥರಾದ ಅಮ್ಮೆಂಬಳ ಸುಬ್ಬರಾವ್ ಪೈ ಅವರು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ನಿಧಿಯೇ ಮುಂದೆ ಕೆನರಾ ಬ್ಯಾಂಕಾಯಿತು, ಮತ್ತು ಅವರು ಅದಕ್ಕೂ ಮೊದಲೇ ಮಂಗಳೂರಿನಲ್ಲಿ ಶಾಲೆಗಳನ್ನು ತೆರೆದವರು. ವಲಸೆ ಬಂದವರಿಗೆ ಓದು ಮತ್ತು ಉಳಿತಾಯ ಎರಡೂ ಬೇಕೆಂದು ಬಲ್ಲ ಪರಂಪರೆಯದು. 2001ರ ಯೋಜನೆಯಲ್ಲಿ 4 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಆಸ್ತಿಯ ಒತ್ತೆ ಬೇಕಿರಲಿಲ್ಲ, ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕಿತ್ತು. ಓದು ಮುಗಿದು ಒಂದು ವರ್ಷವಾಗುವವರೆಗೆ, ಅಥವಾ ನೌಕರಿ ಸಿಕ್ಕು ಆರು ತಿಂಗಳಾಗುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಕಂತು ಕಟ್ಟಬೇಕಿರಲಿಲ್ಲ. ಈ ಬಿಡುವಿನ ಅವಧಿಯನ್ನು ಬ್ಯಾಂಕಿನವರು ಮೊರಟೋರಿಯಂ ಎನ್ನುತ್ತಾರೆ. ಈ ಅವಧಿಯಲ್ಲಿ ಕಂತು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ ಎಂಬ ಅರ್ಧ ಮಾತನ್ನು ಬೈನಾದ ಮನೆಗಳು ತಿಳಿದುಕೊಂಡದ್ದು ತೀರ ತಡವಾಗಿ.

ಲೇಖಕಿಯ ತಮ್ಮನಿಗೆ 2006ರಲ್ಲಿ ಕರ್ನಾಟಕದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಆ ವರ್ಷ ಮಳೆಗಾಲದ ಆರಂಭದಲ್ಲಿ ಮನೆಯ ಕಬ್ಬಿಣದ ಟ್ರಂಕಿನ ಮೇಲೆ ಸಿದ್ಧವಾದ ಕಡತವನ್ನು ಇಲ್ಲಿ ವಿವರವಾಗಿ ಹೇಳುವುದು ತಕ್ಕದ್ದು, ಏಕೆಂದರೆ ಓದಿನ ಸಾಲದ ಮೊದಲ ಖರ್ಚು ಈ ಕಾಗದಗಳೇ. ಅದರಲ್ಲಿ ಕಾಲೇಜು ಕೊಟ್ಟ ನಾಲ್ಕು ವರ್ಷದ ಫೀಜಿನ ಪಟ್ಟಿ, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕಪಟ್ಟಿಗಳು, ಮಾಮಲೆದಾರರ ಕಚೇರಿಯ ಆದಾಯ ಪ್ರಮಾಣಪತ್ರ, ತಂದೆಯ ಗುತ್ತಿಗೆದಾರ ಚೀಟಿಯಂಥ ಹಾಳೆಯ ಮೇಲೆ ಬರೆದುಕೊಟ್ಟ ಪಗಾರದ ವಿವರ, ಊರಿನ ನಾಲ್ಕು ಎಕರೆ ಎರೆಹೊಲದ ಉತಾರ, ಮತ್ತು ಮನೆಮಾಲೀಕನ ಹೆಸರಿನಲ್ಲಿದ್ದ ವಿದ್ಯುತ್ ಬಿಲ್ಲಿನ ಪ್ರತಿ ಇದ್ದವು. ಉತಾರ ಎಂದರೆ ಹೊಲ ಯಾರ ಹೆಸರಿಗಿದೆ, ಎಷ್ಟಿದೆ ಎಂದು ತೋರಿಸುವ ಕಂದಾಯ ಇಲಾಖೆಯ ದಾಖಲೆ. ಇತರೆಡೆ ಪಹಣಿ ಎನ್ನುವುದನ್ನೇ ಉತ್ತರ ಕರ್ನಾಟಕದಲ್ಲಿ ಹೀಗೆನ್ನುತ್ತಾರೆ. ಬಾಡಿಗೆ ಕರಾರು ಇರಲಿಲ್ಲ, ಏಕೆಂದರೆ ಮನೆಯವರಿದ್ದ ಬೈನಾದ ಖೋಲಿಗೆ, ಅಂದರೆ ಬಾಡಿಗೆ ಕೋಣೆಗೆ, ಕರಾರು ಮಾಡುವ ಪದ್ಧತಿಯೇ ಇರಲಿಲ್ಲ. ಪೋಷಕರು ವಾಸವಿರುವ ಊರಿನ ಶಾಖೆಯೇ ಸಾಲ ಕೊಡಬೇಕೆಂಬುದು ರೂಢಿಯಲ್ಲಿದ್ದ ನಿಯಮ. ವಾಸ್ಕೋದ ಶಾಖೆಯೊಂದು ವಾಸದ ಪುರಾವೆ ಸಾಲದೆಂದು ಊರಿನ ಶಾಖೆಗೆ ಹೋಗಲು ಹೇಳಿತು, ಊರಿನ ಶಾಖೆ ಕುಟುಂಬ ಗೋವಾದಲ್ಲಿದೆಯೆಂದು ವಾಸ್ಕೋಕ್ಕೆ ಮರಳಿಸಿತು. ಕೊನೆಗೆ ಬೇರೊಂದು ಶಾಖೆ ಒಪ್ಪಿತಾದರೂ, ಒತ್ತೆ ಬೇಡವೆಂದು ನಿಯಮವಿದ್ದ ಮೊತ್ತಕ್ಕೇ ಜಾಮೀನು ಕೇಳಿತು, ಮತ್ತು ಬಂದರಿನ ಕಾಯಂ ನೌಕರನಾಗಿದ್ದ ದೂರದ ಬಂಧುವೊಬ್ಬರು ಸಹಿ ಹಾಕಿದರು. ಆ ಸಹಿಯ ಋಣವನ್ನು ಮನೆಯವರು ಅವರ ಮಕ್ಕಳ ಮದುವೆಗಳಲ್ಲಿ ವಾರಗಟ್ಟಲೆ ದುಡಿದು ತೀರಿಸಿದರು.

ಬಡ್ಡಿಯ ಲೆಕ್ಕವನ್ನು ಒಂದು ಸರಳ ಉದಾಹರಣೆಯಿಂದ ತೋರಿಸಬಹುದು. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ 4 ಲಕ್ಷ ರೂಪಾಯಿಯನ್ನು ಆ ಕಾಲಕ್ಕೆ ಸಾಮಾನ್ಯವಾಗಿದ್ದ ಶೇ. 12ರ ದರದಲ್ಲಿ ಪಡೆದರೆ, ಓದು ಮುಗಿದು ಒಂದು ವರ್ಷವಾಗುವ ಹೊತ್ತಿಗೆ ಮೊದಲ ಲಕ್ಷಕ್ಕೆ ಐದು ವರ್ಷದ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷದ ಸರಳ ಬಡ್ಡಿ ಕೂಡಿ 1,68,000 ರೂಪಾಯಿಯಾಗುತ್ತದೆ. ಅದು ಅಸಲಿಗೆ ಸೇರಿ 5,68,000 ರೂಪಾಯಿಯನ್ನು ಏಳು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು 10,000 ರೂಪಾಯಿಗೆ ತುಸು ಮೇಲಾಗುತ್ತದೆ, ಒಟ್ಟು ಕಟ್ಟುವ ಹಣ 8.4 ಲಕ್ಷವನ್ನು ದಾಟುತ್ತದೆ. 2008ರ ಜಾಗತಿಕ ಹಿಂಜರಿತದ ನೆರಳು ಇನ್ನೂ ಸರಿಯದ ದಿನಗಳಲ್ಲಿ ಪದವಿ ಮುಗಿಸಿದ ತಮ್ಮನಿಗೆ ಬೆಂಗಳೂರಿನಲ್ಲಿ ಸಿಕ್ಕ ಮೊದಲ ಸಂಬಳದಲ್ಲಿ ಕೋಣೆಯ ಬಾಡಿಗೆ ಮತ್ತು ಊಟ ಕಳೆದರೆ ಇಂಥ ಕಂತಿನ ಅರ್ಧವೂ ಉಳಿಯುತ್ತಿರಲಿಲ್ಲ. ಉಳಿದರ್ಧವನ್ನು ಬೈನಾ ಕಟ್ಟಿತು.

ಕಟ್ಟಿದ ಬಗೆ ಹೀಗಿತ್ತು. ಬೈನಾದ ಹೆಣ್ಣುಮಕ್ಕಳು ನಡೆಸುವ ಭಿಶಿಯಲ್ಲಿ ಹತ್ತಿಪ್ಪತ್ತು ಮಂದಿ ತಿಂಗಳಿಗೆ ಇಷ್ಟೆಂದು ಹಣ ಹಾಕಿ, ಕೂಡಿದ ಗಂಟನ್ನು ಪ್ರತಿ ತಿಂಗಳು ಒಬ್ಬರು ಎತ್ತಿಕೊಳ್ಳುತ್ತಾರೆ. ತುರ್ತು ಇರುವವರು ಮೊದಲೇ ಎತ್ತಬೇಕಾದರೆ ಒಂದಿಷ್ಟು ಹಣ ಬಿಟ್ಟುಕೊಡಬೇಕು. ತಾಯಿ ಎರಡು ಭಿಶಿಗಳನ್ನು ಹೀಗೆ ನಷ್ಟದಲ್ಲಿ ಎತ್ತಿದರು. ಅದು ಸಾಲದಾದಾಗ ತವರಿನಿಂದ ಬಂದಿದ್ದ ಬೋರಮಾಳ, ಅಂದರೆ ಬೋರೆಹಣ್ಣಿನಾಕಾರದ ಗುಂಡುಗಳನ್ನು ಪೋಣಿಸಿದ ಕೊರಳ ಸರ, ಬಂಗಾರದ ಮೇಲೆ ಸಾಲ ಕೊಡುವ ಅಂಗಡಿಯ ತಕ್ಕಡಿಗೆ ಬಂತು. ಅಂಗಡಿಯವರು ಗುಂಡುಗಳ ಒಳಗಿನ ಅರಗಿನ ತೂಕವನ್ನು ಅಂದಾಜಿನಲ್ಲಿ ಕಳೆದು, ಉಳಿದ ಬಂಗಾರದ ಬೆಲೆಗಿಂತ ಸಾಕಷ್ಟು ಕಡಿಮೆ ಸಾಲ ಬರೆದು, ರಸೀದಿಯ ಮೇಲೆ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಬೇಡವೆಂದ ಮಗಳಿಗೆ ತಾಯಿ ಕೊಟ್ಟ ಉತ್ತರ, "ಬಂಗಾರ ಇರೂದ ಕಷ್ಟಕ್ಕವಾ, ಮೈಮ್ಯಾಲೆ ಹಾಕ್ಕೊಂಡ ಮೆರಿಯಾಕಲ್ಲ. ಅವನ ಸಾಲಿ ಸಾಲ ಬ್ಯಾಂಕಿನಾಗ ನಿಂತ್ರ ನಮ್ಮ ಜಾಮೀನ ಹಾಕಿದವ್ರ ಮಾರಿ ಹೆಂಗ ನೋಡೂದು?" ಎಂಬುದಾಗಿತ್ತು. ಬಾಕಿ ನಿಂತರೆ ಬ್ಯಾಂಕು ಏನು ಮಾಡೀತೆಂಬ ಭಯಕ್ಕಿಂತ, ಸಹಿ ಹಾಕಿದ ಬಂಧುವಿನ ಎದುರು ತಲೆತಗ್ಗಿಸಬೇಕಾದೀತೆಂಬ ಅಳುಕೇ ಆ ಮನೆಯನ್ನು ಕಂತು ತಪ್ಪಿಸದಂತೆ ನಡೆಸಿತು.

2012ರ ಸೆಪ್ಟೆಂಬರ್‌ನಲ್ಲಿ, ಅಕ್ರಮ ಗಣಿಗಾರಿಕೆಯ ಬಗ್ಗೆ ಷಾ ಆಯೋಗದ ವರದಿ ಹೊರಬಿದ್ದ ಬೆನ್ನಿಗೆ, ಗೋವಾ ಸರ್ಕಾರ ಗಣಿಗಳನ್ನು ನಿಲ್ಲಿಸಿತು, ಮರುತಿಂಗಳು ಸುಪ್ರೀಂ ಕೋರ್ಟ್ ಅದಿರಿನ ಸಾಗಾಟವನ್ನೂ ತಡೆಯಿತು. ಕಾಡು, ನೀರು, ಹೊಲಗಳು ಹಾಳಾಗುತ್ತಿದ್ದ ರೀತಿಯನ್ನು ಕಂಡವರು ಆ ನಿರ್ಧಾರವನ್ನು ತಪ್ಪೆನ್ನಲಾರರು, ಲೇಖಕಿಯೂ ತಪ್ಪೆನ್ನುವುದಿಲ್ಲ. ಆದರೆ ಬಾರ್ಜುಗಳು ದಡಕ್ಕೆ ನಿಂತ ದಿನದಿಂದ ಬಾರ್ಜಿನವರ ಪಗಾರವೂ ನಿಂತಿತು, ಮತ್ತು ಬೈನಾದ ಎಷ್ಟೋ ಮನೆಗಳಲ್ಲಿ ಮಕ್ಕಳ ಓದಿನ ಕಂತು ಆಗತಾನೇ ಶುರುವಾಗಿತ್ತು. ಲೇಖಕಿಯ ಮನೆಯಲ್ಲಿ ಗೊತ್ತಾಗಿದ್ದ ತಂಗಿಯ ಮದುವೆ ಮುಂದಕ್ಕೆ ಹೋಯಿತು. ಹೊಲಿಗೆ ಕಲಿತಿದ್ದ ಆಕೆ ನರ್ಸಿಂಗ್ ಓದಬೇಕೆಂದು ಬಹಳ ಕಾಲದಿಂದ ಆಸೆಪಟ್ಟಿದ್ದಳು. ಒಂದೇ ಮನೆಗೆ ಎರಡನೆಯ ಸಾಲ ಆಗದೆಂದು ಆ ಮಾತನ್ನು ಆಕೆಯೇ ಎತ್ತದಾದಳು. ಶಿಕ್ಷಣ ಸಾಲದಿಂದ ಎಷ್ಟು ಮಂದಿ ಓದಿದರೆಂದು ಬ್ಯಾಂಕುಗಳು ಲೆಕ್ಕ ಇಡುತ್ತವೆ. ಅಣ್ಣನೋ ತಮ್ಮನೋ ಪಡೆದ ಸಾಲದಿಂದಾಗಿ ಎಷ್ಟು ಹೆಣ್ಣುಮಕ್ಕಳು ಓದಲಿಲ್ಲವೆಂಬುದಕ್ಕೆ ಲೆಕ್ಕದ ಪುಸ್ತಕವೇ ಇಲ್ಲ. ಮೂರು ತಿಂಗಳಿಗೂ ಹೆಚ್ಚು ಕಂತು ನಿಂತ ಸಾಲವನ್ನು ಬ್ಯಾಂಕಿನ ಪರಿಭಾಷೆಯಲ್ಲಿ ಅನುತ್ಪಾದಕ ಆಸ್ತಿ ಎನ್ನುತ್ತಾರೆ. ಬೈನಾದ ಹಲವು ಹುಡುಗರ ಸಾಲಗಳು ಆ ಪಟ್ಟಿಗೆ ಸೇರಿದವು, ಲೇಖಕಿಯ ತಮ್ಮನದು ಸೇರಲಿಲ್ಲ. ಅದು ಸೇರದಂತೆ ನೋಡಿಕೊಂಡವರು ಬೋರಮಾಳ ಬಿಡಿಸಿಕೊಳ್ಳಲಾಗದ ತಾಯಿ ಮತ್ತು ರಾತ್ರಿಯಿಡೀ ಹೊಲಿದ ತಂಗಿ.

ಇದರ ಮುಂದಿನ ಸಂಗತಿ ಇನ್ನೂ ನೋವಿನದು. ಆದಾಯ ವರ್ಷಕ್ಕೆ 4.5 ಲಕ್ಷದೊಳಗಿರುವ ಕುಟುಂಬಗಳ ಮಕ್ಕಳಿಗೆ ಮೊರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009–10ರಿಂದ ಜಾರಿಯಲ್ಲಿತ್ತು. ಅದಕ್ಕೆ ಮೊದಲೇ ಸಾಲ ಪಡೆದವರಿಗೂ ನೆರವಾಗಬೇಕೆಂದು 2014ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನಲ್ಲಿ, 2009ರ ಮಾರ್ಚ್ 31ರವರೆಗೆ ಪಡೆದ ಶಿಕ್ಷಣ ಸಾಲಗಳ ಮೇಲೆ 2013ರ ಡಿಸೆಂಬರ್ 31ಕ್ಕೆ ಬಾಕಿ ಉಳಿದಿದ್ದ ಬಡ್ಡಿಯನ್ನು ಸರ್ಕಾರ ವಹಿಸಿಕೊಳ್ಳುವುದೆಂದು ಹಣಕಾಸು ಸಚಿವ ಪಿ. ಚಿದಂಬರಂ ಘೋಷಿಸಿದರು. ಸುಮಾರು ಒಂಬತ್ತು ಲಕ್ಷ ವಿದ್ಯಾರ್ಥಿಗಳಿಗೆ ಇದರಿಂದ ಅನುಕೂಲವಾಗುವುದೆಂದು ಹೇಳಲಾಗಿತ್ತು, ಮತ್ತು ಅವರಲ್ಲಿ ನಿಜವಾಗಿ ಕಷ್ಟದಲ್ಲಿದ್ದವರು ಬಹಳ ಮಂದಿ ಇದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಂಗಾರ ಒತ್ತೆಯಿಟ್ಟು, ಭಿಶಿ ಎತ್ತಿ ಬ್ಯಾಂಕಿನ ಬಡ್ಡಿಯನ್ನು ಹೊತ್ತಿಗೆ ಸರಿಯಾಗಿ ಕಟ್ಟಿದ ಮನೆಯಲ್ಲಿ ಬ್ಯಾಂಕಿಗೆ ಬಾಕಿಯೇ ಇರಲಿಲ್ಲ. ಬಾಕಿ ಇದ್ದದ್ದು ಬಂಗಾರದಂಗಡಿಯಲ್ಲಿ, ಭಿಶಿಯ ಗುಂಪಿನಲ್ಲಿ, ಬಂಧುಗಳ ಕೈಗಡದಲ್ಲಿ. ಓದಿನ ಸಾಲವು ಶೇ. 12ರ ಖಾತೆಯಿಂದ ಅದಕ್ಕಿಂತ ಹೆಚ್ಚಿನ ಬಡ್ಡಿಯ ಖಾತೆಗಳಿಗೆ ವರ್ಗವಾಗಿ ಹೋಗಿತ್ತು, ಅಲ್ಲಿ ಅದನ್ನು ಓದಿನ ಸಾಲವೆಂದು ಯಾರೂ ಕರೆಯುವುದಿಲ್ಲ. ಸರ್ಕಾರದ ಪರಿಹಾರ ಬ್ಯಾಂಕಿನ ಖಾತೆಯವರೆಗೆ ಬಂದು ನಿಂತಿತು. ಮಾನಕ್ಕೆ ಅಂಜಿ ಮೊದಲೇ ತೀರಿಸಿದ ಬಡವನಿಗೆ ಯಾವ ಮನ್ನಾವೂ ತಲುಪದ ಈ ಏರ್ಪಾಟು ಅನ್ಯಾಯದ್ದೆಂದು ಲೇಖಕಿ ಅಂದೂ ನಂಬಿದ್ದರು, ಇಂದೂ ನಂಬಿದ್ದಾರೆ.

ವಲಸೆಯ ಮನೆಗಳಿಗೆ ಸಾಲವೇ ಏಕೆ ಮೊದಲ ಮತ್ತು ಕೊನೆಯ ದಾರಿಯಾಯಿತು ಎಂಬ ಪ್ರಶ್ನೆಗೆ ಉತ್ತರ ರಾಜ್ಯಗಳ ಗಡಿಯಲ್ಲಿದೆ. ಗೋವಾ ಸರ್ಕಾರ ತನ್ನ ಶಿಕ್ಷಣ ಅಭಿವೃದ್ಧಿ ನಿಗಮದ ಮೂಲಕ ಬಡ್ಡಿಯಿಲ್ಲದ ಸಾಲ ಕೊಡುವುದು ಮೆಚ್ಚತಕ್ಕ ಕೆಲಸ. ಆದರೆ ಅಂಥ ನೆರವಿಗೆ ದೀರ್ಘಕಾಲದ ವಾಸದ ಪುರಾವೆ ಬೇಕು, ಮತ್ತು ಖೋಲಿಯಿಂದ ಖೋಲಿಗೆ ಬದಲಾಯಿಸುತ್ತ ಬಂದವರ ಬಳಿ ಇಪ್ಪತ್ತು ವರ್ಷದ ದುಡಿಮೆ ಇದ್ದರೂ ಹದಿನೈದು ವರ್ಷದ ಕಾಗದ ಇರುವುದಿಲ್ಲ. ಜಾತಿಯ ಪ್ರಮಾಣಪತ್ರದ ಕಥೆ ಇನ್ನೂ ಬಿಗಿಯಾದದ್ದು. ಒಂದು ರಾಜ್ಯದಲ್ಲಿ ಪರಿಶಿಷ್ಟರೆನಿಸಿದವರು ಬೇರೆ ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿ ಆ ಸೌಲಭ್ಯ ಪಡೆಯಲಾರರೆಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯೆನಿಸಿರುವ ಲಂಬಾಣಿಗರು ಗೋವಾದ ಪಟ್ಟಿಯಲ್ಲಿಲ್ಲ. ಲೇಖಕಿಯ ಓಣಿಯ ಲಂಬಾಣಿ ಕುಟುಂಬವೊಂದರ ಹುಡುಗಿ ಹುಟ್ಟಿದ್ದೂ ಕಲಿತದ್ದೂ ವಾಸ್ಕೋದಲ್ಲಿ. ತಾಂಡಾ, ಅಂದರೆ ಲಂಬಾಣಿಗರ ಹಟ್ಟಿ, ಆಕೆಗೆ ವರ್ಷಕ್ಕೊಮ್ಮೆ ಹಬ್ಬಕ್ಕೆ ಹೋಗುವ ಊರು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಾಗ ಇಲ್ಲಿಯ ಕಚೇರಿ ಮೂಲ ರಾಜ್ಯಕ್ಕೆ ಹೋಗಿ ಕೇಳೆಂದಿತು, ಅಲ್ಲಿಯ ಕಚೇರಿ ಅಲ್ಲಿ ಓದಿದ ದಾಖಲೆ ಎಲ್ಲಿ ಎಂದಿತು. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದ್ದು, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯಬೇಕು. ಕೊಂಕಣಿ ಮತ್ತು ಇಂಗ್ಲಿಷಿನಲ್ಲಿ ಕಲಿತು ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಲೇಖಕಿ ಬೇಸಿಗೆಯ ರಜೆಯಲ್ಲಿ ಒತ್ತಕ್ಷರ ತಿದ್ದಿಸಿದ್ದು ಈ ಪರೀಕ್ಷೆಗಾಗಿಯೇ. ಸೀಟು ಅದರಿಂದ ಸಿಗಬಹುದು, ಫೀಜು ಸಿಗುವುದಿಲ್ಲ.

ಈ ನಡುವೆ ಗೋವಾ ದೇಶಕ್ಕೇ ಹೆಸರಾದ ವಿದ್ಯಾಕೇಂದ್ರವಾಗಿ ಬೆಳೆದಿದೆ. 2004ರಲ್ಲಿ ಬಿಟ್ಸ್ ಪಿಲಾನಿಯ ಗೋವಾ ಆವರಣ ಆರಂಭವಾದದ್ದು ಝುವಾರಿನಗರದಲ್ಲಿ, ಕನ್ನಡದ ಕೂಲಿ ಕುಟುಂಬಗಳ ಸಾಲುಮನೆಗಳಿಂದ ಕೂಗಳತೆಯ ದೂರದಲ್ಲಿ. ಈಗ ಅಲ್ಲಿ ವರ್ಷದ ಬೋಧನಾ ಶುಲ್ಕವೇ 5 ಲಕ್ಷ ರೂಪಾಯಿಯನ್ನು ಮೀರಿದೆ. ಫರ್ಮಾಗುಡಿಯಲ್ಲಿ ಐಐಟಿ ಗೋವಾ ತನ್ನ ಮೊದಲ ತಂಡವನ್ನು ಸೇರಿಸಿಕೊಂಡ 2016ರಲ್ಲೇ ದೇಶದ ಐಐಟಿಗಳ ವಾರ್ಷಿಕ ಬೋಧನಾ ಶುಲ್ಕ 90,000ದಿಂದ 2 ಲಕ್ಷಕ್ಕೆ ಏರಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ 1 ಲಕ್ಷದೊಳಗಿನವರಿಗೆ ಪೂರ್ಣ ವಿನಾಯಿತಿಯೂ, 5 ಲಕ್ಷದೊಳಗಿನವರಿಗೆ ಮೂರನೆಯ ಎರಡು ಪಾಲಿನ ವಿನಾಯಿತಿಯೂ ಇರುವುದರಿಂದ ಅಲ್ಲಿಗೆ ತಲುಪಿದ ಬಡ ಮಕ್ಕಳಿಗೆ ದಾರಿ ಮುಚ್ಚಿಲ್ಲ. ತಲುಪುವ ಮುನ್ನಿನ ಎರಡು ವರ್ಷದ ಕೋಚಿಂಗಿನ ಹಣಕ್ಕೆ ಮಾತ್ರ ಯಾವ ವಿನಾಯಿತಿಯೂ ಇಲ್ಲ, ಅದಕ್ಕೆ ಶಿಕ್ಷಣ ಸಾಲವೂ ಸಿಗುವುದಿಲ್ಲ. ಅದು ನೇರವಾಗಿ ಬಂಗಾರದಂಗಡಿಯಿಂದಲೇ ಬರಬೇಕು.

ಬೇರೆ ದೇಶಗಳೂ ಈ ಹೊರೆಯನ್ನು ಹೊತ್ತಿವೆ. ಅಮೆರಿಕದಲ್ಲಿ ವಿದ್ಯಾರ್ಥಿಗಳ ಒಟ್ಟು ಸಾಲ 1.7 ಲಕ್ಷ ಕೋಟಿ ಡಾಲರನ್ನು ಮೀರಿದ್ದು, ಅದರ ಒಂದು ಪಾಲನ್ನು ಮನ್ನಾ ಮಾಡಲು ಆಗ ಅಧ್ಯಕ್ಷರಾಗಿದ್ದ ಬೈಡನ್ ತಂದ ಯೋಜನೆಯನ್ನು ಅಲ್ಲಿಯ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ರದ್ದುಪಡಿಸಿತು. ಆಸ್ಟ್ರೇಲಿಯಾ 1989ರಲ್ಲಿ ಆರಂಭಿಸಿದ ಕ್ರಮ ಬೈನಾದ ದೃಷ್ಟಿಯಿಂದ ಹೆಚ್ಚು ವಿಚಾರಾರ್ಹವಾದದ್ದು: ಅಲ್ಲಿ ಓದಿದವನ ಆದಾಯ ಒಂದು ಮಟ್ಟವನ್ನು ದಾಟಿದ ಮೇಲೆ ಮಾತ್ರ, ಆದಾಯ ತೆರಿಗೆಯ ಜೊತೆಗೇ, ಗಳಿಕೆಗೆ ತಕ್ಕಂತೆ ಮರುಪಾವತಿ ಕಡಿತವಾಗುತ್ತದೆ. ಅಲ್ಲಿ ತಂದೆಯ ಸಹಿ ಬೇಡ, ಬಂಧುವಿನ ಜಾಮೀನು ಬೇಡ, ನೌಕರಿ ಹೋದರೆ ಕಂತು ತಾನಾಗಿ ನಿಲ್ಲುತ್ತದೆ. ಇಂಥ ಕ್ರಮ ಇಲ್ಲಿದ್ದಿದ್ದರೆ ಬಾರ್ಜುಗಳು ನಿಂತ ವರ್ಷ ತಾಯಿ ತಕ್ಕಡಿಯ ಮುಂದೆ ನಿಲ್ಲಬೇಕಾಗಿರಲಿಲ್ಲ. ತೆರಿಗೆಯ ವ್ಯಾಪ್ತಿಗೆ ಬಾರದ ದುಡಿಮೆಯೇ ಹೆಚ್ಚಿರುವ ದೇಶದಲ್ಲಿ ಅದನ್ನು ಜಾರಿಗೆ ತರುವುದು ಸುಲಭವಲ್ಲವೆಂಬುದು ನಿಜ. ಆದರೆ ಸಾಲ ಪಡೆಯುವವನ ಪ್ರತಿಯೊಂದು ಗುರುತನ್ನೂ ಕೇಳಿ ಪಡೆಯಬಲ್ಲ ವ್ಯವಸ್ಥೆಗೆ ಆತನ ಆದಾಯ ತಿಳಿಯುವುದು ಮಾತ್ರ ಆಗದ ಕೆಲಸವೆಂದರೆ ನಂಬುವುದು ಕಷ್ಟ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಒತ್ತೆಯೂ ಬೇಡ, ಜಾಮೀನೂ ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಬಡ್ಡಿ ದರದಲ್ಲಿ ಶೇ. 3ರಷ್ಟನ್ನು ಸರ್ಕಾರ ಕೊಡುತ್ತದೆ. ಜಾಮೀನಿನ ಸಹಿಗಾಗಿ ಬಂಧುಗಳ ಮನೆ ಕಾದವರಿಗೆ ಇದು ಸಣ್ಣ ಬಿಡುಗಡೆಯಲ್ಲ. ಆದರೆ ಯೋಜನೆ ಅನ್ವಯಿಸುವುದು ಗುಣಮಟ್ಟದ ಶ್ರೇಯಾಂಕದಲ್ಲಿ ಮೇಲಿರುವ, ಆರಂಭದಲ್ಲಿ 860 ಇದ್ದ ಸಂಸ್ಥೆಗಳಿಗೆ ಮಾತ್ರ, ಮತ್ತು ಝುವಾರಿನಗರದ ಮಕ್ಕಳು ಸೇರುವುದು ಹೆಚ್ಚಾಗಿ ಆ ಪಟ್ಟಿಯ ಹೊರಗಿನ ಕಾಲೇಜುಗಳಿಗೆ. ಲೇಖಕಿ ಈಗಲೂ ಬೇಸಿಗೆಯಲ್ಲಿ ಅರ್ಜಿಗಳನ್ನು ತುಂಬಿಕೊಡುತ್ತಾರೆ, ಆದರೆ ಅರ್ಜಿ ತೆರೆಯುವ ಮೊದಲು ಮನೆಯವರನ್ನೆಲ್ಲ ಕೂರಿಸಿ, ಅಸಲು, ಬಡ್ಡಿ, ತಿಂಗಳ ಕಂತುಗಳನ್ನು ಕಾಗದದ ಮೇಲೆ ಬರೆದು ತೋರಿಸಿ, ಕಂತು ತಪ್ಪಿದ ತಿಂಗಳು ಯಾರ ಬಂಗಾರ ಹೋಗುತ್ತದೆ, ಯಾರ ಓದು ನಿಲ್ಲುತ್ತದೆ ಎಂದು ಹೆಸರು ಹಿಡಿದು ಕೇಳುತ್ತಾರೆ. ಆ ಲಂಬಾಣಿ ಹುಡುಗಿಯ ಮನೆಯಲ್ಲಿ ಈ ಲೆಕ್ಕ ಮುಗಿದ ಮೇಲೆ ಆಕೆಯ ತಂದೆ ಕರ್ನಾಟಕದ ಖಾಸಗಿ ಕಾಲೇಜಿನ ಸೀಟನ್ನು ಬಿಟ್ಟು, ಗೋವಾದ ಅನುದಾನಿತ ಕಾಲೇಜಿನಲ್ಲಿ ವಿಜ್ಞಾನ ಪದವಿಗೆ ಮಗಳನ್ನು ಸೇರಿಸಿದರು. ಇಂಜಿನಿಯರ್ ಆಗಬೇಕೆಂದಿದ್ದ ಆಕೆ ಮೊದಲ ವರ್ಷ ಬಹಳ ಅತ್ತಳು. ಆಕೆಯ ತಂಗಿ ಮಾತ್ರ ಅದೇ ಜೂನ್‌ನಲ್ಲಿ ಹನ್ನೊಂದನೆಯ ತರಗತಿಗೆ ಸೇರಿದಳು, ಮತ್ತು ಆ ಫೀಜಿಗೆ ಮನೆಯಲ್ಲಿ ಹಣವಿತ್ತು.